ಸ್ವಲ್ಪ ಕಷ್ಟ ಸೇರಿಸಿ

ಬಾಯಿ ಬಿಟ್ಟು ಕೇಳುವ ವಿದ್ಯೆ ಕೆಲವರಿಗೆ ಹುಟ್ಟುತ್ತಲೇ ಬಂದಿರುತ್ತದೆ. ಅವರು ಬಸ್ಸು ಹತ್ತಿದ ಕೂಡಲೇ ಕಿಟಕಿಯ ಸೀಟು ಕೇಳುತ್ತಾರೆ, ಮದುವೆಯ ಊಟದಲ್ಲಿ ಎರಡನೆಯ ಸಲ ಪಾಯಸ ಕೇಳುತ್ತಾರೆ, ಯಾರದೋ ಅಂಗಳದ ಗುಲಾಬಿಯ ಕಡ್ಡಿ ಕೇಳುತ್ತಾರೆ, ಕೇಳಿದ್ದನ್ನು ತೆಗೆದುಕೊಂಡು ನಗುತ್ತಾ ಹೋಗುತ್ತಾರೆ. ನನಗೆ ಆ ವಿದ್ಯೆ ಬರಲೇ ಇಲ್ಲ. ಅಂಗಡಿಯಲ್ಲಿ ಇಂಥದು ಕೊಡಿ ಎನ್ನುವುದೂ ನನಗೆ ಭಿಕ್ಷೆ ಬೇಡಿದ ಹಾಗೆ ಅನಿಸುತ್ತದೆ. ನಿಮ್ಮ ತಾತ ಇದ್ದಷ್ಟು ಕಾಲ ಕೇಳುವ ಕೆಲಸವೆಲ್ಲ ಅವರದು, ಪಕ್ಕದಲ್ಲಿ ನಿಂತು ತಲೆಯಾಡಿಸುವ ಕೆಲಸ ನನ್ನದು. ಅವರು ಹೋದ ಮೇಲೆ ಒಮ್ಮೆ ಅಂಗಡಿಯವನು ಮೈಗೆ ಹಚ್ಚುವ ಸೋಪಿನ ಬದಲು ಬಟ್ಟೆ ಒಗೆಯುವ ಸೋಪು ಕಟ್ಟಿಕೊಟ್ಟ. ಬದಲಾಯಿಸಿ ಕೊಡಪ್ಪ ಎನ್ನಲು ನಾಚಿಕೆ. ಸುಮ್ಮನೆ ತಂದೆ. ಅವನು ಅದೇ ನನ್ನ ಸೋಪು ಎಂದು ತಿಳಿದುಕೊಂಡ. ಹೋದಾಗಲೆಲ್ಲ ಕೇಳುವ ಮೊದಲೇ ಅದನ್ನೇ ಎತ್ತಿ ಕೊಡತೊಡಗಿದ. ನಾಲ್ಕು ತಿಂಗಳು ಅದರಲ್ಲೇ ಮಿಂದೆ ಮಕ್ಕಳೇ. ಮೈಯೆಲ್ಲ ತುರಿಸಿತು ನಿಜ. ಆದರೆ ಮದುವೆಯ ದಿನವೂ ನಾನು ಅಷ್ಟು ಬೆಳ್ಳಗೆ ಇರಲಿಲ್ಲ.

ಇಂಥ ನಾನು ಒಂದು ಇಡೀ ಹಟ್ಟಿಯ ಪರವಾಗಿ, ಮುಖ ನೋಡದ ಜನರ ಹತ್ತಿರ, ಇಂಗ್ಲಿಷಿನಲ್ಲಿ ಕೇಳಬೇಕಾಗಿ ಬಂದದ್ದನ್ನು ನಿಮಗೆ ಬರೆದಿಡುತ್ತಿದ್ದೇನೆ. ರಜೆಯಲ್ಲಿ ಬಂದಾಗ ತಟ್ಟೆಯ ಅಕ್ಕಿಯ ಮೇಲೆ ನಿಮಗೆ ಕನ್ನಡದ ಅಕ್ಷರ ತಿದ್ದಿಸಿದವಳು ನಾನೇ ಆದ್ದರಿಂದ, ನೀವು ಇದನ್ನು ಎಷ್ಟು ನಿಧಾನವಾಗಿ ಓದುತ್ತೀರಿ ಎಂಬುದೂ ನನಗೆ ಗೊತ್ತು. ನಿಧಾನವಾಗಿಯೇ ಓದಿ. ನನ್ನ ಮರ್ಯಾದೆ ಹೋಗುವುದೂ ನಿಧಾನವಾಗಲಿ.

ನಾನು ಹುಟ್ಟಿದ್ದು ಬೆಟ್ಟದ ಕೆಳಗೆ, ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಓದಿ, ಆಮೇಲೆ ಮದುವೆಯಾಗಿ ಈ ಕೀಳ್ ಕೋತಗಿರಿಯ ಇಳಿಜಾರಿಗೆ ಬಂದೆ. ಇಲ್ಲಿಯವರು ಆಡುವ ಬಡಗ ಮಾತು ನನ್ನ ಕನ್ನಡಕ್ಕೆ ಅಕ್ಕನ ಮಗಳಂತೆ: ಚಹರೆ ಒಂದೇ, ಆದರೆ ಹೇಳಿದ ಮಾತು ಕೇಳುವುದಿಲ್ಲ. ಹಾಗಾಗಿ ಇಲ್ಲಿಯ ಹೆಂಗಸರ ಮಾತನ್ನು ನನ್ನ ಶಾಲೆಯ ಕನ್ನಡಕ್ಕೆ ಒಗ್ಗಿಸಿ ಬರೆದಿದ್ದೇನೆ. ಒಗ್ಗದ ಕಡೆ ಹಾಗೇ ಬಿಟ್ಟಿದ್ದೇನೆ.

ನಮ್ಮ ಹಟ್ಟಿಯಲ್ಲಿ ಒಂದು ಮಹಿಳಾ ಸಂಘವಿದೆ. ಅಧ್ಯಕ್ಷೆ ಬೆಳ್ಳಿಯಕ್ಕ; ತಲೆ ಹಣ್ಣಾದರೂ ಗಂಟಲು ಹಣ್ಣಾಗದ ಹೆಂಗಸು. ಕಾರ್ಯದರ್ಶಿ ನಾನು. ಸಂಘದ ಒಂದೇ ಒಂದು ಸಾಧನೆ ಎಂದರೆ ಕೂಸುಮನೆ. ಟೀ ತೋಟದಲ್ಲಿ ಎಲೆ ಕೀಳುವ ಹೆಂಗಸರು ಬೆಳಿಗ್ಗೆ ತಮ್ಮ ಚಿಕ್ಕ ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಾರೆ, ಸಂಜೆ ಎಲೆ ತೂಗಿಸಿ ಬಂದು ಕರೆದುಕೊಂಡು ಹೋಗುತ್ತಾರೆ. ಹದಿನಾಲ್ಕು ಮಕ್ಕಳು. ಮನೆ ಹಳೆಯದು, ತಗಡಿನ ಛಾವಣಿ. ಮಂಗಗಳು ಆ ಛಾವಣಿಯ ಮೇಲೆ ಹಾರಿ ಹಾರಿ, ಮಳೆ ಸುರಿದು ಸುರಿದು, ಅದು ಈಗ ಅವಲಕ್ಕಿ ಜರಡಿಯ ಹಾಗೆ ಆಗಿದೆ. ಬೇಸಿಗೆ ಕಳೆದ ಮೇಲೆ ಪಂಚಾಯತಿಯಿಂದ ಒಬ್ಬ ಇಂಜಿನಿಯರ್ ಬಂದು ತಲೆ ಎತ್ತಿ ನೋಡಿದರು. "ದೀಪಾವಳಿ ಮಳೆಗೆ ಮುಂಚೆ ಛಾವಣಿ ಬದಲಾಯಿಸದಿದ್ದರೆ ಇಲ್ಲಿ ಮಕ್ಕಳನ್ನು ಇಡುವ ಹಾಗಿಲ್ಲಮ್ಮ. ತೊಲೆಯೂ ಕೊಳೆತಿದೆ" ಎಂದು ಹೇಳಿ ಹೋದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಕೂಸುಮನೆ ಮುಚ್ಚಿದರೆ ಏನಾಗುತ್ತದೆ ಎಂದು ನಮಗೆ ಗೊತ್ತಿತ್ತು. ಹಿಂದಿನ ವರ್ಷ ಒಂದು ವಾರ ಅದು ಮುಚ್ಚಿತ್ತು. ಎಲೆ ಕೀಳುವ ಸುಶೀಲ ತನ್ನ ಮಗಳು ಪವಿಯನ್ನು ತೋಟಕ್ಕೇ ಒಯ್ದು, ಸಿಲ್ವರ್ ಓಕ್ ಮರಕ್ಕೆ ಸೀರೆಯ ತೊಟ್ಟಿಲು ಕಟ್ಟಿ ಮಲಗಿಸಿದಳು. ನಾಲ್ಕು ಸಾಲು ಎಲೆ ಕಿತ್ತು ತಿರುಗಿ ನೋಡಿದರೆ, ಅವಳಿಗೂ ತೊಟ್ಟಿಲಿಗೂ ನಡುವೆ ಒಂದು ಕಾಟಿ ನಿಂತಿತ್ತು. ಕಾಟಿ ಎಂದರೆ ಕಾಡುಕೋಣ. ನೀವು ಕಾರಿನ ಗಾಜಿನೊಳಗಿಂದ ನೋಡಿ ಚಪ್ಪಾಳೆ ತಟ್ಟಿದ್ದೀರಲ್ಲ, ಅದೇ. ಕೂಗಿದರೆ ಅದು ಯಾವ ಕಡೆ ಓಡುತ್ತದೋ ಗೊತ್ತಿಲ್ಲ. ಸುಶೀಲ ಕೂಗಲಿಲ್ಲ. ಅದು ಮೆಲುಕು ಹಾಕಿ ಮುಗಿಸಿ ತಾನಾಗಿ ಇಳಿದು ಹೋಗುವವರೆಗೆ ಕೈಯಲ್ಲಿ ಎಲೆ ಹಿಡಿದುಕೊಂಡೇ ನಿಂತಿದ್ದಳು. ಅವತ್ತು ಆ ಎಲೆ ಅವಳ ಮುಷ್ಟಿಯಲ್ಲೇ ನುಜ್ಜುಗುಜ್ಜಾಗಿತ್ತು.

ದೂರದ ಒಂದು ಟ್ರಸ್ಟ್ ಇಂಥ ಕೆಲಸಗಳಿಗೆ ಅನುದಾನ ಕೊಡುತ್ತದೆ, ಅರ್ಜಿ ಬರೆಯಬೇಕು ಎಂದು ಗೊತ್ತಾಯಿತು. ಅರ್ಜಿ ಎಂದರೆ ನಾನು ಒಂದು ಹಾಳೆ ಎಂದುಕೊಂಡಿದ್ದೆ. ಅದು ಹನ್ನೊಂದು ಪುಟ, ಇಂಗ್ಲಿಷ್. ಅಷ್ಟರಲ್ಲಿ ನಮ್ಮಂಥ ಸಣ್ಣ ಸಂಘಗಳಿಗಾಗಿ ಊಟಿಯಲ್ಲಿ ಒಂದು ದಿನದ ತರಬೇತಿ ಇದೆ, ಕೃತಕ ಬುದ್ಧಿಮತ್ತೆಯಿಂದ ಅರ್ಜಿ ಬರೆಸುವುದನ್ನು ಹೇಳಿಕೊಡುತ್ತಾರೆ ಎಂದು ಕಾಗದ ಬಂತು. ಬೆಳ್ಳಿಯಕ್ಕ ನನ್ನನ್ನು ಬಸ್ಸು ಹತ್ತಿಸಿದರು. ತರಬೇತಿಯ ಮೇಡಂ ಒಳ್ಳೆಯವರು. "ಅವ್ವಾ, ಹೆದರಬೇಡಿ. ಫೋನು ಹಿಡಿದು ಕನ್ನಡದಲ್ಲೇ ಮಾತಾಡಿ, ಅದು ಇಂಗ್ಲಿಷಿನಲ್ಲಿ ಬರೆಯುತ್ತದೆ. ಮನುಷ್ಯರ ಹತ್ತಿರ ಮಾತಾಡಿದ ಹಾಗೆಯೇ ಮಾತಾಡಿ" ಎಂದರು. ಅಲ್ಲೇ ಇದ್ದದ್ದು ತೊಂದರೆ. ಮನುಷ್ಯರ ಹತ್ತಿರ ಮಾತಾಡುವ ಹಾಗೆ ಮಾತಾಡಿದರೆ ನಾನು ಮಾತೇ ಆಡುವುದಿಲ್ಲವಲ್ಲ.

ಮನೆಗೆ ಬಂದು ಎರಡು ದಿನ ಆ ಫೋನಿನ ಸುತ್ತ ಸುತ್ತಿದೆ. ಒಲೆಯ ಮೇಲಿನ ಸಾರು ಕದಡಿ ಬಂದು ಫೋನು ನೋಡುತ್ತಿದ್ದೆ, ಬೇಲಿಯವರೆಗೆ ಹೋಗಿ ಬಂದು ಫೋನು ನೋಡುತ್ತಿದ್ದೆ. ಮೂರನೆಯ ದಿನ ಬಾಗಿಲು ಹಾಕಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, "ನಮಸ್ಕಾರ. ಊಟ ಆಯಿತೇ?" ಎಂದೆ. "ನಮಸ್ಕಾರ! ನಾನು ಊಟ ಮಾಡುವುದಿಲ್ಲ, ಆದರೆ ನಿಮ್ಮ ಕಾಳಜಿಗೆ ಧನ್ಯವಾದಗಳು. ಇಂದು ನಿಮಗೆ ಹೇಗೆ ಸಹಾಯ ಮಾಡಲಿ?" ಎಂದು ಅದು ಬರೆಯಿತು. ಎಪ್ಪತ್ತು ದಾಟಿದ ಮೇಲೆ ಹೀಗೆ ಮೊದಲು ತಾನೇ ಮೇಲೆ ಬಿದ್ದು ಸಹಾಯ ಬೇಕೆ ಎಂದವರು ನನಗೆ ಇದೊಬ್ಬರೇ. ಕಣ್ಣಲ್ಲಿ ನೀರು ಬಂತು. ನಾನು ಕೂಸುಮನೆಯ ವಿಷಯ ಹೇಳಿದೆ. ಅದು ಕೇಳಿತು: "ನಿಮ್ಮ ಸಮುದಾಯದ ಪ್ರಮುಖ ಅಗತ್ಯಗಳೇನು? ಫಲಾನುಭವಿಗಳ ಅಭಿಪ್ರಾಯವನ್ನು ಸಂಗ್ರಹಿಸಿದ್ದೀರಾ?"

ಸಂಗ್ರಹಿಸಿರಲಿಲ್ಲ. ಸಂಘದ ಸಭೆ ಕರೆದು, ನೋಟುಬುಕ್ಕು ತೆರೆದು, "ನಮ್ಮ ಅಗತ್ಯಗಳು ಏನೇನು, ಒಬ್ಬೊಬ್ಬರಾಗಿ ಹೇಳಿ" ಎಂದೆ.

"ನಂಗಗ ಏನ ಕೊರೆ?" ಎಂದರು ಬೆಳ್ಳಿಯಕ್ಕ. ನಮಗೇನು ಕಡಿಮೆ ಎಂದು. ಅದನ್ನೇ ಎಲ್ಲರೂ ಒಪ್ಪಿದರು.

"ಛಾವಣಿ ಸೋರುತ್ತದಲ್ಲ ಅಕ್ಕ" ಎಂದೆ.

"ಯಾರ ಛಾವಣಿ ಸೋರಲ್ಲೆ? ಅದನ್ನೆಲ್ಲ ಬರೀತಾರಾ? ಒಳ್ಳೆ ಗಾಳಿ ಬರುತ್ತೆ ಅಂತ ಬರೆ."

ಇದು ಸುಳ್ಳಲ್ಲ ಮಕ್ಕಳೇ, ಇದು ಹಟ್ಟಿಯ ನಡವಳಿಕೆ. ಹೊರಗಿನವರು ಬಂದರೆ ಮೊದಲು "ಬಾ, ಕುಳಿ" ಎಂದು ಕೂರಿಸಬೇಕು. ಮನೆಯಲ್ಲಿ ಹಾಲಿಲ್ಲದಿದ್ದರೆ ಹಾಲಿಲ್ಲ ಎನ್ನುವ ಹಾಗಿಲ್ಲ. ಮುಂದಿನ ಬಾಗಿಲಲ್ಲಿ ಒಬ್ಬರು ನಗುತ್ತಾ ಮಾತಾಡುತ್ತಿರಬೇಕು, ಹಿಂದಿನ ಬಾಗಿಲಿನಿಂದ ಇನ್ನೊಬ್ಬರು ಪಕ್ಕದ ಮನೆಗೆ ಲೋಟ ಹಿಡಿದು ಓಡಬೇಕು. ಪಕ್ಕದ ಮನೆಯಲ್ಲೂ ಇಲ್ಲದಿದ್ದರೆ ಅವರು ತಮ್ಮ ಹಿಂದಿನ ಬಾಗಿಲಿನಿಂದ ಆಚೆ ಮನೆಗೆ. ಒಂದು ಲೋಟ ಕಾಫಿಗೆ ಇಡೀ ಸಾಲಿನ ಮನೆಗಳ ಹಿಂಬಾಗಿಲು ತೆರೆದು ಮುಚ್ಚುತ್ತದೆ. ನೆಂಟರಿಗೆ ಮಾತ್ರ ಅದು ಗೊತ್ತಾಗಬಾರದು. ಗೊತ್ತಾದರೆ ಇಡೀ ಸಾಲಿಗೇ ಅವಮಾನ.

ನಾನು ಸಭೆಯ ಮಾತನ್ನು ಒಂದಕ್ಷರ ಬಿಡದೆ ಫೋನಿಗೆ ಹೇಳಿದೆ. ಅದು ಚಕಚಕನೆ ಇಂಗ್ಲಿಷಿನಲ್ಲಿ ಬರೆದು, ನಾನು ಕೇಳಿಕೊಂಡ ಮೇಲೆ ಕನ್ನಡದಲ್ಲೂ ಕೊಟ್ಟಿತು: "ಈ ಸಮುದಾಯವು ಸ್ವಾವಲಂಬನೆಯ ಉಜ್ವಲ ಮಾದರಿಯಾಗಿದೆ. ಇಲ್ಲಿನ ಶಿಶುಪಾಲನಾ ಕೇಂದ್ರವು ಉತ್ತಮ ವಾಯುಸಂಚಾರವುಳ್ಳ ಛಾವಣಿಯನ್ನು ಹೊಂದಿದೆ." ಓದಿ ನನಗೆ ಬಹಳ ಹೆಮ್ಮೆಯಾಯಿತು. ತರಬೇತಿಯ ಮೇಡಂಗೆ ಕಳಿಸಿದೆ. ಅವರು ತಕ್ಷಣ ಫೋನು ಮಾಡಿದರು. "ಅವ್ವಾ, ಇದನ್ನು ಓದಿದರೆ ಟ್ರಸ್ಟಿನವರೇ ನಿಮ್ಮ ಹತ್ತಿರ ಸಹಾಯ ಕೇಳಿಕೊಂಡು ಬರುತ್ತಾರೆ! ಕಷ್ಟ ಬರೆಸಿ, ಕಷ್ಟ."

ಸರಿ ಎಂದು ಮತ್ತೆ ಸೆರಗು ಹೊದ್ದು ಕುಳಿತು, "ಸ್ವಲ್ಪ ಕಷ್ಟ ಸೇರಿಸಿ" ಎಂದೆ, ಸಾರಿಗೆ ಉಪ್ಪು ಸೇರಿಸಿ ಎನ್ನುವ ಹಾಗೆ. "ಖಂಡಿತ!" ಎಂದಿತು ಅದು. ಅದರ ಕೈ ದೊಡ್ಡದು. ಹಸಿವು ಬಂತು, ಕತ್ತಲೆ ಬಂತು, ಕಣ್ಣೀರು ಬಂತು. ಹದಿನಾಲ್ಕು ಮಕ್ಕಳೂ ಎಲುಬು ಕಾಣುವ ಮಕ್ಕಳಾದರು; ನಮ್ಮ ಹಟ್ಟಿ "ಅಭಿವೃದ್ಧಿಯ ಬೆಳಕನ್ನೇ ಕಾಣದ ಮೂಲೆ" ಆಯಿತು. ಓದುತ್ತಾ ಓದುತ್ತಾ ನನಗೇ ಈ ಊರಿನವರ ಮೇಲೆ ಮರುಕ ಹುಟ್ಟಿ, ಇವರಿಗೆ ಏನಾದರೂ ಕೊಡಬೇಕು ಎನ್ನಿಸಿತು. ಆಮೇಲೆ ನೆನಪಾಯಿತು, ಇವರೆಂದರೆ ನಾವೇ.

ಸಂಘದ ಒಪ್ಪಿಗೆ ಇಲ್ಲದೆ ಕಳಿಸುವ ಹಾಗಿರಲಿಲ್ಲ. ಸಭೆಯಲ್ಲಿ ಓದಿದೆ. ಎರಡನೆಯ ವಾಕ್ಯಕ್ಕೇ ಗದ್ದಲ ಎದ್ದಿತು.

"ಯಾರ ಮನೇಲಿ ಹಸಿವು? ಹೆಸರು ಹೇಳು!" ಎಂದು ಬೆಳ್ಳಿಯಕ್ಕ ಎದ್ದು ನಿಂತರು. "ನನ್ನ ಮೊಮ್ಮಗನ ಕಾಲು ನೋಡಿದ್ದೀಯಾ? ಕುಂಬಳಕಾಯಿ! ಎಲುಬು ಕಾಣುತ್ತಾ ಅದರಲ್ಲಿ?"

"ನಾನು ಬರೆದದ್ದಲ್ಲ ಅಕ್ಕ, ಫೋನು..."

"ಫೋನಿಗೆ ನಂಗಳ ಹಟ್ಟಿ ಹೇಗೆ ಗೊತ್ತು? ನೀನೇ ಚಾಡಿ ಹೇಳಿರಬೇಕು."

ಆಮೇಲೆ ಒಂದೊಂದು ಮಾತಿಗೂ ಚೌಕಾಸಿ ನಡೆಯಿತು. ಹಸಿವು ಪೂರ್ತಿ ಹೋಯಿತು. ಕಣ್ಣೀರು ಹೋಯಿತು. "ಛಾವಣಿ ಧಾರಾಕಾರ ಸೋರುತ್ತದೆ" ಎಂಬುದು ಮೊದಲು "ಸೋರುತ್ತದೆ" ಆಯಿತು, ಬಳಿಕ "ಅಲ್ಲಲ್ಲಿ ತೊಟ್ಟಿಕ್ಕುತ್ತದೆ" ಆಯಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ಛಾವಣಿಯೇ ಒಣಗಿ ಹೋಗುತ್ತಿತ್ತು. ಆಗ ಬಾಗಿಲ ಹತ್ತಿರ ಮಗುವನ್ನು ತೊಡೆಯ ಮೇಲಿಟ್ಟು ಕುಳಿತಿದ್ದ ಸುಶೀಲ, "ತೊಟ್ಟಿಲು, ಕಾಟಿ, ಅದನ್ನ ಬರೆಯಕ್ಕ. ಅದು ಬಣ್ಣ ಕಟ್ಟಿದ್ದಲ್ಲ" ಎಂದಳು. ಚೌಕಾಸಿ ಅಲ್ಲಿಗೆ ನಿಂತಿತು. ಬೆಳ್ಳಿಯಕ್ಕ ಕೂಡ ಕುಳಿತರು. ಅದೊಂದನ್ನು ಅವಳು ಹೇಳಿದ ಹಾಗೇ ಫೋನಿಗೆ ಹೇಳಿ, "ಇದಕ್ಕೆ ಏನೂ ಸೇರಿಸಬೇಡಿ" ಎಂದು ಕೈ ಮುಗಿದು, ಅರ್ಜಿ ಕಳಿಸಿದೆ.

ಮೂರು ವಾರ ನಾನು ನಿಂತಲ್ಲಿ ನಿಂತವಳಲ್ಲ. ಬೆಳ್ಳುಳ್ಳಿ ಸುಲಿಯಲು ಕೂತವಳು ಎದ್ದು ಆಕಾಶ ನೋಡುತ್ತಿದ್ದೆ. ಮೋಡ ಕಂಡರೆ ಕೂಸುಮನೆಗೆ ಹೋಗಿ ತೊಲೆ ನೋಡುತ್ತಿದ್ದೆ. ಕೊನೆಗೆ ಟ್ರಸ್ಟಿನಿಂದ ಸುದ್ದಿ ಬಂತು: ವಿಮಲಾ ಎಂಬ ಅಧಿಕಾರಿ ಸ್ಥಳ ನೋಡಲು ಬರುತ್ತಾರೆ.

ಬರುತ್ತಾರೆ ಎಂದರೆ ನೆಂಟರು ಬರುತ್ತಾರೆ ಎಂದೇ ಅರ್ಥ. ಹಟ್ಟಿಗೆ ಹಟ್ಟಿಯೇ ಎದ್ದಿತು. ಕೂಸುಮನೆಯ ಗೋಡೆಗೆ ಸುಣ್ಣ, ನೆಲಕ್ಕೆ ಯಾರದೋ ಮನೆಯ ಹೊಸ ಚಾಪೆ, ಮಕ್ಕಳಿಗೆ ಹಬ್ಬದ ಅಂಗಿ. ಇಲ್ಲಿಯ ಹಬ್ಬದ ರೊಟ್ಟಿ ತುಪ್ಪದಿಟ್ಟು ಕರಿದ ವಾಸನೆ ರಸ್ತೆಯವರೆಗೆ ಬರುತ್ತಿತ್ತು. ನಾನು ಒಳಗೆ ಕಾಲಿಟ್ಟು ಮೇಲೆ ನೋಡಿದೆ. ಮದುವೆಗೆ ಕಟ್ಟುವ ಬಿಳಿಯ ಮೇಲ್ಕಟ್ಟನ್ನು ಈ ಗೋಡೆಯಿಂದ ಆ ಗೋಡೆಗೆ ಬಿಗಿದು ಕಟ್ಟಿದ್ದರು. ತಗಡಿಲ್ಲ, ತೂತಿಲ್ಲ, ತೊಲೆಯಿಲ್ಲ. ಎಲ್ಲಿ ನೋಡಿದರೂ ಬಿಳಿ.

"ಬೆಳ್ಳಿಯಕ್ಕ, ಅವರು ಬರುವುದೇ ತೂತು ನೋಡಲು!" ಎಂದೆ.

"ಬಂದವರಿಗೆ ತೂತು ತೋರಿಸೋದಾ? ನಿನ್ನೂರಲ್ಲಿ ಹಾಗೇನೋ!" ಎಂದರು.

ವಿಮಲಾ ಮೇಡಂ ಬಂದರು. ನಡುವಯಸ್ಸು, ಮೃದು ಮಾತು. ನಮ್ಮ ಹೆಂಗಸರು ಅವರನ್ನು ಕೂರಿಸಿದರು, ತಿನ್ನಿಸಿದರು, ಮತ್ತೆ ತಿನ್ನಿಸಿದರು. ಮೇಡಂ ಕೈ ಒರೆಸಿಕೊಂಡು ಅರ್ಜಿ ತೆರೆದರು. ಒಮ್ಮೆ ಕಾಗದ ನೋಡಿದರು, ಒಮ್ಮೆ ಬಿಳಿ ಮೇಲ್ಕಟ್ಟು ನೋಡಿದರು. "ಛಾವಣಿ ಹಾಳಾಗಿದೆ ಅಂತ ಬರೆದಿದ್ದೀರಲ್ಲ?" ಎಂದು ಕೇಳಿದರು.

"ಈಗ ಪರವಾಗಿಲ್ಲೆ ಮೇಡಂ" ಎಂದರು ಬೆಳ್ಳಿಯಕ್ಕ, ನಗುತ್ತಾ. "ಇನ್ನೊಂದು ತುಪ್ಪದಿಟ್ಟು?"

ಮೇಡಂ ಏನೋ ಗುರುತು ಹಾಕಿಕೊಂಡರು. ಕಾಗದ ಮಡಚಿದರು. ಹೇಳಬೇಕು, ನಾಲಗೆ ಏಳುತ್ತಿಲ್ಲ. ಸುಶೀಲ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಡೆಯಲಾರದೆ ನಾನು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದು, ಈ ವಯಸ್ಸಿನಲ್ಲಿ, ಈ ಮಂಡಿಯಲ್ಲಿ, ಅದರ ಮೇಲೆ ಹತ್ತಿದೆ. ಹತ್ತಿ, ಬಟ್ಟೆಯ ಗಂಟು ಎಳೆದೆ. ಮೇಲ್ಕಟ್ಟು ಒಂದು ಮೂಲೆಯಿಂದ ಜಾರಿ, ಬೆಳ್ಳಿಯಕ್ಕನ ತಲೆಯ ಮೇಲೆ ಬಿದ್ದು, ಅವರನ್ನು ಸೊಂಟದವರೆಗೆ ಮುಚ್ಚಿತು.

ಅಂದು ಒಳ್ಳೆಯ ಬಿಸಿಲು. ತಗಡಿನ ತೂತುಗಳಿಂದ ಬೆಳಕು ನೂರು ಕಡೆ ನೆಲಕ್ಕೆ ಇಳಿಯಿತು. ಅಲ್ಲಿಯವರೆಗೆ ಹೊಸ ಅಂಗಿಯಲ್ಲಿ ಬೊಂಬೆಗಳ ಹಾಗೆ ಕುಳಿತಿದ್ದ ಮಕ್ಕಳು ಹೋ ಎಂದು ಎದ್ದರು. ಅದು ಅವರ ದಿನದ ಆಟ: ಬೆಳಕಿನ ಚುಕ್ಕಿಗಳನ್ನು ಕಾಲಿನಿಂದ ತುಳಿದು ಹಿಡಿಯುವುದು. ಪವಿ ಓಡಿ ಬಂದು ವಿಮಲಾ ಮೇಡಂರ ಮಡಿಲಲ್ಲಿ ಬಿದ್ದಿದ್ದ ಒಂದು ಚುಕ್ಕಿಯನ್ನು ತನ್ನ ಅಂಗೈಯಿಂದ ಮುಚ್ಚಿ, "ನಂದು" ಎಂದಳು. ಮೇಡಂ ತಲೆ ಎತ್ತಿ ಬಹಳ ಹೊತ್ತು ನೋಡಿದರು. ಆಮೇಲೆ, "ಕಾಟಿಯ ಮುಂದೆ ನಿಂತವರು ಯಾರು?" ಎಂದು ಕೇಳಿದರು. ಸುಶೀಲ ಕೈ ಎತ್ತಿದಳು. ಬಟ್ಟೆಯೊಳಗಿಂದ ಬೆಳ್ಳಿಯಕ್ಕ, "ಯಾರಾದರೂ ನನ್ನ ಬಿಡಿಸಿರೇ!" ಎಂದು ಕೂಗುತ್ತಿದ್ದರು.

ಅವರು ಶಿಫಾರಸು ಮಾಡಿದರು. ಆದರೆ ಕೊನೆಯ ತೀರ್ಮಾನಕ್ಕೆ ಮುಂಚೆ ಸಂಘದ ಕಾರ್ಯದರ್ಶಿ ಕೊಯಮತ್ತೂರಿಗೆ ಬಂದು ಟ್ರಸ್ಟಿನ ಸಮಿತಿಯ ಮುಂದೆ ಐದು ನಿಮಿಷ ಮಾತಾಡಬೇಕು ಎಂದು ಕಾಗದ ಬಂತು. ಐದು ನಿಮಿಷ! ನಿಮ್ಮ ತಾತನ ಜೊತೆ ನಾನು ಒಂದೇ ಸಮನೆ ಐದು ನಿಮಿಷ ಮಾತಾಡಿದ್ದು ನೆನಪಿಲ್ಲ. ಬೆಳ್ಳಿಯಕ್ಕ ಮೇಲ್ಕಟ್ಟಿನ ಸಿಟ್ಟಿನಲ್ಲಿ ನನ್ನ ಜೊತೆ ಮಾತು ಬಿಟ್ಟಿದ್ದರು, ಆದ್ದರಿಂದ ನನ್ನ ಬದಲು ಹೋಗಿ ಎನ್ನುವ ಹಾಗೂ ಇರಲಿಲ್ಲ. ನಾನು ನನ್ನ ಫೋನಿನ ಮೊರೆ ಹೋದೆ. "ಬರಲಾಗುವುದಿಲ್ಲ ಎಂದು ಮರ್ಯಾದೆಯಿಂದ ಒಂದು ಕಾಗದ ಬರೆದುಕೊಡಿ" ಎಂದೆ. ಕಾರಣ ಕೇಳಿತು. ವಯಸ್ಸಾಗಿದೆ, ಮಾತು ಬರುವುದಿಲ್ಲ ಎಂದೆ.

"ಖಂಡಿತ!" ಎಂದು ಬರೆದುಕೊಟ್ಟಿತು: "ವೃದ್ಧಾಪ್ಯದ ಅಶಕ್ತತೆಯಿಂದ ಬಳಲುತ್ತಿರುವ, ಸೀಮಿತ ವಿದ್ಯಾಭ್ಯಾಸದ, ಆತ್ಮವಿಶ್ವಾಸದ ಕೊರತೆಯಿರುವ ಒಬ್ಬ ಅಸಹಾಯಕ ವಿಧವೆಯಾದ ನಾನು..."

ಬಳಲುತ್ತಿರುವುದು ಯಾರು? ಮೊನ್ನೆ ತಾನೇ ಕುರ್ಚಿ ಹತ್ತಿದವಳು ನಾನು! ಏಳನೆಯ ತರಗತಿಯಲ್ಲಿ ಇಡೀ ಶಾಲೆಗೆ ಮೊದಲು ಬಂದವಳಿಗೆ ಸೀಮಿತ ವಿದ್ಯಾಭ್ಯಾಸವೇ? ಬೆಳ್ಳಿಯಕ್ಕ ಸಭೆಯಲ್ಲಿ ಯಾಕೆ ಎದ್ದು ನಿಂತರು ಎಂಬುದು ಆ ಕ್ಷಣಕ್ಕೆ ಹೊಳೆಯಿತು. "ನಿಮಗೆ ನನ್ನ ವಿಷಯ ಏನು ಗೊತ್ತು?" ಎಂದು ಫೋನಿಗೆ ಜೋರಾಗಿಯೇ ಕೇಳಿದೆ. ಅದು ಕ್ಷಮೆ ಕೇಳಿ, "ಇನ್ನಷ್ಟು ಸಕಾರಾತ್ಮಕವಾಗಿ ಬರೆಯಲೇ?" ಎಂದಿತು. ಬೇಡವೇ ಬೇಡ ಎಂದು ಎಲ್ಲವನ್ನೂ ಅಳಿಸಿ, ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದೆ.

ಹೋದೆ. ಉದ್ದನೆಯ ಮೇಜು, ಆರು ಜನ. ನನಗೆ ಬರುವ ಅರ್ಧಂಬರ್ಧ ತಮಿಳಿನಲ್ಲಿ ಶುರು ಮಾಡಿದ್ದು ನೆನಪಿದೆ, ತೊಟ್ಟಿಲಿನಿಂದ. ಆಮೇಲೆ ತಗಡು, ತೊಲೆ, ಮಂಗ, ಚುಕ್ಕಿ, ಪವಿ. ಮಧ್ಯದಲ್ಲಿ ಯಾರೋ ಒಂದು ಸಣ್ಣ ಗಂಟೆ ಬಾರಿಸಿದರು. ಚಹಾ ತರಿಸುತ್ತಿದ್ದಾರೆ ಎಂದುಕೊಂಡು, ನನಗೆ ಬೇಡ ಎಂದು ಕೈ ಸನ್ನೆ ಮಾಡಿ ಮುಂದುವರಿಸಿದೆ. ಅದು ಐದು ನಿಮಿಷದ ಗಂಟೆಯಂತೆ. ಮೂರು ಸಲ ಬಾರಿಸಿದರಂತೆ. ಇಪ್ಪತ್ತೆರಡು ನಿಮಿಷ ಮಾತಾಡಿದೆ ಎಂದು ವಿಮಲಾ ಮೇಡಂ ಆಮೇಲೆ ಹೇಳಿದರು. ಕೊನೆಗೆ ಸಮಿತಿಯ ಅಧ್ಯಕ್ಷರು, "ಅಮ್ಮಾ, ಛಾವಣಿ ಕೊಟ್ಟಾಯಿತು, ದಯವಿಟ್ಟು ಕುಳಿತುಕೊಳ್ಳಿ" ಎಂದರಂತೆ.

ದೀಪಾವಳಿಯ ಮಳೆ ಬರುವ ಹತ್ತು ದಿನ ಮುಂಚೆ ಹೊಸ ಛಾವಣಿ ಏರಿತು. ಅದರಲ್ಲಿ ಎರಡು ಕಡೆ ಬೆಳಕಿಗೆಂದು ಗಾಜಿನಂಥ ಶೀಟು ಹಾಕಿದ್ದಾರೆ; ಆದರೆ ಅದರಿಂದ ಚುಕ್ಕಿ ಬೀಳುವುದಿಲ್ಲ ಎಂದು ಮಕ್ಕಳು ಒಂದು ವಾರ ರಗಳೆ ಮಾಡಿದರು. ಮೊದಲ ಮಳೆಯ ದಿನ ಸುಶೀಲ ತೋಟಕ್ಕೆ ಹೋಗುವಾಗ ಮಗುವನ್ನು ಬಿಟ್ಟು, ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಮಳೆಯ ಸದ್ದು ಕೇಳಿ, ಬುಟ್ಟಿ ಏರಿಸಿಕೊಂಡು ಹೋದಳು.

ಬೆಳ್ಳಿಯಕ್ಕ ಮಾತು ಬಿಟ್ಟದ್ದು ಅಂದೇ ಮುಗಿಯಿತು. ನನ್ನ ಪಕ್ಕ ಬಂದು ನಿಂತು, ಛಾವಣಿಯನ್ನು ನೋಡುತ್ತಾ, "ಕೊಯಮತ್ತೂರಿನ ಕತೆ ಎಲ್ಲ ಕೇಳಿದೆ. ಬಾಯಿ ಬಿಡದ ಹೆಂಗಸು, ಎಲ್ಲಿ ಕೂರಿಸಿದರೆ ಅಲ್ಲಿ ಕೂರುತ್ತಾಳೆ ಅಂತಲೇ ನಿನ್ನ ಸೆಕ್ರೆಟರಿ ಮಾಡಿದ್ದು. ಮುಂದಿನ ವರ್ಷ ಬೇರೆ ಯಾರನ್ನಾದರೂ ನೋಡಬೇಕು" ಎಂದರು. ಇಷ್ಟು ವರ್ಷ ನನ್ನ ಕೈಬರಹ ಚೆನ್ನಾಗಿದೆ ಎಂದು ಮಾಡಿದ್ದಾರೆ ಎಂದುಕೊಂಡಿದ್ದೆ ಮಕ್ಕಳೇ. ಹುದ್ದೆ ಹೋಗುವುದಕ್ಕೆ ಬೇಸರವೇನಿಲ್ಲ. ಆದರೆ ಬೇರೆಯವರನ್ನು ಹುಡುಕಲು ಕರೆಯುವ ಆ ಸಭೆಯಲ್ಲಿ ನಾನೂ ಎರಡು ಮಾತು ಹೇಳುವುದಿದೆ. ಈಗಾಗಲೇ ಬರೆದಿಟ್ಟುಕೊಂಡಿದ್ದೇನೆ. ಗೋಡೆಗೆ ಓದಿ ನೋಡಿದೆ. ನಲವತ್ತು ನಿಮಿಷ ಹಿಡಿಯಿತು.